ಚೀಟಿಯಲ್ಲಿ ನಾನು ಬರೆಯದೆ ಬಿಟ್ಟ ತಾರೀಖು

ಮೊದಲೇ ಹೇಳಿಬಿಡುತ್ತೇನೆ. ಈ ಪ್ರಕರಣದಲ್ಲಿ ಎಡವಿದ್ದು ನನ್ನ ಚೀಟಿ. ಅದರಲ್ಲಿ ಮಾತ್ರೆಯ ಹೆಸರಿತ್ತು, ಎಷ್ಟು ಅಂತ ಇತ್ತು, ಯಾವ ಹೊತ್ತಿಗೆ ಅಂತಲೂ ಇತ್ತು. ಎಲ್ಲಿಯವರೆಗೆ ಅಂತ ಇರಲಿಲ್ಲ. ಆ ಒಂದು ಸಾಲು ಇಲ್ಲದ್ದಕ್ಕೆ ಒಬ್ಬ ತಾಯಿ ಪಡಬೇಕಾಗಿರದ ಕಷ್ಟ ಪಟ್ಟರು. ಕ್ಯಾನ್ಸರ್ ಕೊನೆಯ ಹಂತದಲ್ಲಿರುವವರಿಗೆ ಸ್ಟೀರಾಯ್ಡ್ ಕೊಡುವ ಡಾಕ್ಟರು, ನರ್ಸು, ಮನೆಯಲ್ಲಿ ನೋಡಿಕೊಳ್ಳುವ ಮಕ್ಕಳು, ಸೊಸೆಯಂದಿರು ಎಲ್ಲರೂ ಇದನ್ನು ಓದಲಿ ಅಂತ ಇಡೀ ಕಥೆ ಬರೆಯುತ್ತಿದ್ದೇನೆ. ಮನೆಯವರ ಒಪ್ಪಿಗೆ ಇದೆ. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ನಾನು ಮನೆ ಮನೆಗೆ ಹೋಗಿ ಪ್ಯಾಲಿಯೇಟಿವ್ ಆರೈಕೆ ಕೊಡುವ ಡಾಕ್ಟರ್. ಅಂದರೆ ಕಾಯಿಲೆ ವಾಸಿ ಮಾಡುವ ದಾರಿ ಮುಗಿದ ಮೇಲೂ ನೋವು, ವಾಂತಿ, ಉಸಿರಾಟದ ಕಷ್ಟ, ಭಯ ಇವನ್ನೆಲ್ಲ ಕಡಿಮೆ ಮಾಡುವ ಕೆಲಸ. ಈ ಅಮ್ಮ ತಿಪಟೂರು ಕಡೆಯವರು. ವಯಸ್ಸು 58. ತೆಂಗಿನ ತೋಟದ ಮನೆ, ಅಟ್ಟದ ಮೇಲೆ ಕೊಬ್ಬರಿ ಒಣಗಿಸಿರುತ್ತಾರಲ್ಲ, ಒಳಗೆ ಕಾಲಿಟ್ಟರೆ ಅದೇ ವಾಸನೆ. ಗಂಡ, ಸೊಸೆ, ಎರಡನೇ ಕ್ಲಾಸಿನ ಮೊಮ್ಮಗಳು ಮನೆಯಲ್ಲಿ. ಮಗ ಬೆಂಗಳೂರಿನ ಪೀಣ್ಯದಲ್ಲಿ ಕೆಲಸ, ಶನಿವಾರ ರಾತ್ರಿ ಬಂದು ಸೋಮವಾರ ಬೆಳಗಿನ ರೈಲಿಗೆ ಹೋಗುತ್ತಾನೆ.

ನಾಲ್ಕು ವರ್ಷದ ಹಿಂದೆ ಸ್ತನ ಕ್ಯಾನ್ಸರ್. ಆಪರೇಷನ್, ಕೀಮೋ ಎಲ್ಲ ಆಗಿತ್ತು. ಆಮೇಲೆ ಲಿವರ್‌ಗೆ ಹರಡಿತು, ಸೊಂಟದ ಮೂಳೆಯಲ್ಲೂ ಒಂದು ಕಡೆ ಕಾಣಿಸಿತು. ಇನ್ನೊಂದು ಸುತ್ತು ಕೀಮೋ ತಡೆದುಕೊಳ್ಳುವ ಶಕ್ತಿ ಇಲ್ಲ, ಮನೆಯಲ್ಲೇ ನೋಡಿಕೊಳ್ಳಿ ಅಂತ ದೊಡ್ಡಾಸ್ಪತ್ರೆಯವರು ಕಳಿಸಿದರು. ನಾನು ಮೊದಲ ಸಲ ಹೋದಾಗ ಡಿಸೆಂಬರ್ ಮೊದಲ ವಾರ.

ಬಲಗಡೆ ಪಕ್ಕೆಯ ಕೆಳಗೆ ಕೈ ಒತ್ತಿಕೊಂಡು, ಗೋಡೆಗೆ ಒರಗಿ ಕೂತಿದ್ದರು. ಮಲಗಿದರೆ ಜಾಸ್ತಿ, ಬಲಗಡೆ ತಿರುಗಿದರೆ ಇನ್ನೂ ಜಾಸ್ತಿ. ಜೊತೆಗೆ ಬಲ ಭುಜದಲ್ಲಿ ನೋವು, ಅದಕ್ಕೆ ಊರಲ್ಲಿ ಯಾರೋ ಎಣ್ಣೆ ಹಚ್ಚಿ ನೀವಿಯೂ ಇದ್ದರು. ಹತ್ತಕ್ಕೆ ಎಷ್ಟು ನೋವು ಅಂತ ಕೇಳಿದರೆ ಎಂಟು ಅಂದರು. ಮಾರ್ಫಿನ್ 10 ಮಿಲಿಗ್ರಾಂ ನಾಲ್ಕು ಗಂಟೆಗೊಮ್ಮೆ ನಡೆಯುತ್ತಿತ್ತು. ಅದರಿಂದ ಮಂಪರು ಬರುತ್ತಿತ್ತೇ ಹೊರತು ಈ ನೋವು ಪೂರ್ತಿ ಬಗ್ಗಿರಲಿಲ್ಲ. ಊಟ ಅಂದರೆ ಎರಡು ತುತ್ತು. "ಅನ್ನ ನೋಡಿದ್ರೇ ಹೊಟ್ಟೆ ತೊಳೆಸುತ್ತೆ ಡಾಕ್ಟ್ರಮ್ಮ" ಅಂದರು. ಸೊಸೆ ಬಾಗಿಲ ಹತ್ತಿರ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅತ್ತೆ ಊಟ ಬಿಟ್ಟಿದ್ದು ಆಕೆಗೆ ಕಾಯಿಲೆಗಿಂತ ದೊಡ್ಡ ಸಂಕಟವಾಗಿತ್ತು.

ಈ ನೋವು ಎಲ್ಲಿಂದ ಬರುತ್ತದೆ ಅಂತ ಸ್ವಲ್ಪ ಹೇಳಬೇಕು. ಲಿವರ್ ಒಳಗಡೆ ಅಷ್ಟಾಗಿ ನೋವು ಗೊತ್ತಾಗುವುದಿಲ್ಲ. ಅದರ ಸುತ್ತ ತೆಳ್ಳಗೆ ಒಂದು ಹೊದಿಕೆ ಇದೆ, ನೋವು ಇರುವುದು ಅಲ್ಲಿ. ಒಳಗೆ ಗಡ್ಡೆ ಬೆಳೆದು, ಗಡ್ಡೆಯ ಸುತ್ತ ನೀರು ತುಂಬಿ ಊದಿಕೊಂಡಾಗ ಆ ಹೊದಿಕೆ ಬಿಗಿಯಾಗಿ ಎಳೆಯುತ್ತದೆ, ಪಕ್ಕದಲ್ಲೇ ಇರುವ ವಪೆಯನ್ನೂ, ಅಂದರೆ ಎದೆ ಹೊಟ್ಟೆ ನಡುವಿನ ಉಸಿರಾಟದ ಸ್ನಾಯುವನ್ನೂ, ಕೆಣಕುತ್ತದೆ. ವಪೆಯ ನರ ಕುತ್ತಿಗೆಯಿಂದ ಬರುವುದರಿಂದ ನೋವು ಭುಜದಲ್ಲಿ ಕಾಣಿಸಿಕೊಳ್ಳುತ್ತದೆ. ಭುಜ ನೀವಿ ಏನು ಪ್ರಯೋಜನ? ಸ್ಟೀರಾಯ್ಡ್ ಗಡ್ಡೆಯನ್ನು ಕರಗಿಸುವುದಿಲ್ಲ. ಆದರೆ ಗಡ್ಡೆಯ ಸುತ್ತಲಿನ ಊತ ಇಳಿಸುತ್ತದೆ. ಹೊದಿಕೆ ಸ್ವಲ್ಪ ಸಡಿಲವಾದರೂ ಸಾಕು, ಮನುಷ್ಯ ಉಸಿರು ಬಿಡುತ್ತಾನೆ. ತಲೆಗೆ ಹರಡಿದಾಗ ಬರುವ ತಲೆನೋವು, ಬೆನ್ನುಹುರಿ ಒತ್ತಿಕೊಂಡಿರುವುದು, ಕರುಳು ಕಟ್ಟಿಕೊಂಡಿರುವುದು, ಇವಕ್ಕೆಲ್ಲ ಸ್ಟೀರಾಯ್ಡ್ ಕೊಡುವುದೂ ಹೆಚ್ಚುಕಡಿಮೆ ಇದೇ ಲೆಕ್ಕದಲ್ಲಿ.

ನಾವು ಹೆಚ್ಚಾಗಿ ಬಳಸುವುದು ಡೆಕ್ಸಾಮೆಥಾಸೋನ್. ಎಲ್ಲರೂ ಡೆಕ್ಸಾ ಅಂತಾರೆ. ಬಲು ಜೋರಿನ ಔಷಧಿ, 0.75 ಮಿಲಿಗ್ರಾಂ ಡೆಕ್ಸಾ ಅಂದರೆ ಪ್ರೆಡ್ನಿಸೋಲೋನ್ ಅನ್ನುವ ಇನ್ನೊಂದು ಸ್ಟೀರಾಯ್ಡಿನ 5 ಮಿಲಿಗ್ರಾಂಗೆ ಸಮ. ಒಂದು ಸಲ ಕೊಟ್ಟರೆ ಅದರ ಕೆಲಸ ಒಂದೂವರೆ ದಿನಕ್ಕಿಂತ ಜಾಸ್ತಿ ನಡೆಯುತ್ತದೆ, ಹಾಗಾಗಿ ದಿನಕ್ಕೊಮ್ಮೆ ಸಾಕು. ಮೈಯಲ್ಲಿ ಉಪ್ಪು ನೀರು ಹಿಡಿದಿಡುವುದೂ ಕಡಿಮೆ.

ಆವತ್ತು ಬರೆದಿದ್ದು: ಡೆಕ್ಸಾ 8 ಮಿಲಿಗ್ರಾಂ, ಅಂದರೆ 4ರ ಮಾತ್ರೆ ಎರಡು, ಬೆಳಗ್ಗೆ ತಿಂಡಿ ಆದ ಮೇಲೆ ಒಟ್ಟಿಗೆ. ಅದಕ್ಕೂ ಮುಂಚೆ ಖಾಲಿ ಹೊಟ್ಟೆಗೆ, ಹೊಟ್ಟೆಯ ಆಸಿಡ್ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್. ಮನೆಯಲ್ಲಿ ಡೈಕ್ಲೋಫೆನಾಕ್ ಸ್ಟ್ರಿಪ್ಪು ಇತ್ತು, ನೋವು ಬಂದಾಗೆಲ್ಲ ಒಂದು ನುಂಗುತ್ತಿದ್ದರು, ಅದನ್ನು ಕೈಯಾರೆ ತೆಗೆದಿಟ್ಟೆ. ಸ್ಟೀರಾಯ್ಡ್ ಮತ್ತು ಈ ಥರದ ನೋವಿನ ಮಾತ್ರೆ ಜೊತೆಯಾದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಹೋಗುವ ಅಪಾಯ ಎಷ್ಟೋ ಪಟ್ಟು ಏರುತ್ತದೆ. ಬೆರಳು ಚುಚ್ಚಿ ಶುಗರ್ ನೋಡಿದೆ, 132. ಮನೆಯಲ್ಲಿ ಯಾರಿಗಾದರೂ ಟಿಬಿ ಆಗಿತ್ತಾ ಅಂತ ಕೇಳಿದೆ. ಬಾಯಿ ತೆರೆಸಿ ನೋಡಿದೆ. ಮಾತ್ರೆಯಿಂದ ಏನಾಗಬೇಕು ಅನ್ನುವುದನ್ನೂ ಅವರ ಬಾಯಲ್ಲೇ ಹೇಳಿಸಿದೆ. "ಎಲ್ಲರ ಜೊತೆ ಕೂತು ಒಂದು ಹೊತ್ತು ಉಣ್ಣಬೇಕು, ಬಲಗಡೆ ತಿರುಗಿ ಮಲಗಬೇಕು" ಅಂದರು. ಐದು ದಿನ ನೋಡೋಣ, ಉಪಯೋಗ ಕಾಣದಿದ್ದರೆ ನಿಲ್ಲಿಸೋಣ ಅಂತ ಹೇಳಿ ಬಂದೆ.

ಇಲ್ಲಿಯವರೆಗೆ ಸರಿಯಾಗೇ ಇತ್ತು ಅಂತ ಈಗಲೂ ಅನಿಸುತ್ತದೆ.

ಐದನೇ ದಿನ ಫೋನ್ ಮಾಡಿದರೆ ಏನೂ ವ್ಯತ್ಯಾಸ ಇಲ್ಲ. ನೋವು ಎಂಟು, ಊಟ ಎರಡು ತುತ್ತು. ಸರಿ ಬಿಡಿ, ಇವರಿಗೆ ಕೆಲಸ ಮಾಡಲಿಲ್ಲ, ನಿಲ್ಲಿಸಿ ಅಂತ ಬಾಯಿ ತುದಿಗೆ ಬಂದಿತ್ತು. ಯಾಕೋ ಸುಮ್ನೆ, ಸ್ಟ್ರಿಪ್ಪಿನ ಫೋಟೋ ವಾಟ್ಸಪ್ ಮಾಡಿ ಅಂದೆ. ನೋಡಿದರೆ 0.5 ಮಿಲಿಗ್ರಾಂ ಮಾತ್ರೆ. ಅಂಗಡಿಯಲ್ಲಿ 4ರದ್ದು ಇರಲಿಲ್ಲವಂತೆ, "ಎರಡೂ ಒಂದೇ ಔಷಧಿ" ಅಂತ ಇದನ್ನು ಕೊಟ್ಟಿದ್ದಾರೆ. ಔಷಧಿ ಒಂದೇ, ನಿಜ. ಆದರೆ ದಿನಕ್ಕೆ ಎರಡು ಅಂದರೆ 1 ಮಿಲಿಗ್ರಾಂ. ನಾನು ಬರೆದಿದ್ದರ ಎಂಟನೇ ಒಂದು ಭಾಗ. 0.5ರಲ್ಲೇ 8 ಮಿಲಿಗ್ರಾಂ ಆಗಬೇಕಾದರೆ ದಿನಕ್ಕೆ ಹದಿನಾರು ಮಾತ್ರೆ ನುಂಗಬೇಕು. ತಾಲ್ಲೂಕು ಕಡೆ ಇದು ಆಗಾಗ ಆಗುತ್ತದೆ. ಹಾಗಾಗಿ ಡೆಕ್ಸಾ ಕೆಲಸ ಮಾಡಲಿಲ್ಲ ಅಂತ ತೀರ್ಮಾನ ಮಾಡುವ ಮೊದಲು ದಯವಿಟ್ಟು ಸ್ಟ್ರಿಪ್ಪು ನೋಡಿ.

ತುಮಕೂರಿನಿಂದ 4ರ ಮಾತ್ರೆ ತರಿಸಿದರು. ಎರಡೇ ದಿನ. ಸೊಸೆಯೇ ಫೋನ್ ಮಾಡಿದರು, ದನಿಯೇ ಬೇರೆ ಆಗಿತ್ತು. "ಅತ್ತೆ ಅರ್ಧ ಮುದ್ದೆ ಉಂಡ್ರು ಡಾಕ್ಟ್ರಮ್ಮ. ಅವರೇಕಾಳು ಸಾರು ಮಾಡು ಅಂತ ಅವರೇ ಕೇಳಿದ್ರು." ಸೊಗಡವರೆ ಕಾಲ ಅದು, ಮೊಮ್ಮಗಳನ್ನು ಪಕ್ಕ ಕೂರಿಸಿಕೊಂಡು ಕಾಯಿ ಸುಲಿದು ಕೊಟ್ಟರಂತೆ. ನೋವು ಮೂರಕ್ಕೆ ಇಳಿದಿತ್ತು. ಬಲಗಡೆ ತಿರುಗಿ ಮಲಗಿದ್ದರು.

ಅದರ ಮಾರನೇ ದಿನ ಇನ್ನೊಂದು ಫೋನ್. ಅತ್ತೆ ರಾತ್ರಿ ಎರಡು ಗಂಟೆಗೆ ಎದ್ದು ಪಾತ್ರೆ ತೊಳೆಯುತ್ತಿದ್ದಾರೆ, ಕಣ್ಣಿಗೆ ಕಣ್ಣು ಹಚ್ಚಿಲ್ಲ. ಕೇಳಿದರೆ, ಎರಡು ಮಾತ್ರೆ ಅಂದಮೇಲೆ ಬೆಳಗ್ಗೆ ಒಂದು ರಾತ್ರಿ ಒಂದು ಇರಬೇಕು ಅಂತ ಸೊಸೆ ಹಾಗೆ ಕೊಟ್ಟಿದ್ದಾರೆ. ತಪ್ಪೇನಿಲ್ಲ, ನಮ್ಮಲ್ಲಿ ಎಲ್ಲ ಮಾತ್ರೆಯೂ ಹಾಗೇ ತಾನೇ ಇರುವುದು? ನಮ್ಮ ದೇಹವೇ ಬೆಳಗಿನ ಜಾವ ಸ್ಟೀರಾಯ್ಡ್ ಥರದ್ದೇ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಜಾಸ್ತಿ ಬಿಡುಗಡೆ ಮಾಡಿ ನಮ್ಮನ್ನು ಎಬ್ಬಿಸುತ್ತದೆ. ರಾತ್ರಿ ಕೊಟ್ಟರೆ ಮೈ ಬೆಳಗಾಯಿತು ಅಂದುಕೊಳ್ಳುತ್ತದೆ. ಎರಡೂ ಬೆಳಗ್ಗೆಯೇ ಅಂತ ಮತ್ತೆ ಹೇಳಿದೆ, ನಿದ್ದೆ ಬಂತು.

ವಾರ ಕಳೆದ ಮೇಲೆ ಹೋಗಿ 4 ಮಿಲಿಗ್ರಾಂಗೆ ಇಳಿಸಿದೆ. ನೋವು ಹಾಗೇ ಹಿಡಿತದಲ್ಲಿತ್ತು. ಎಲ್ಲರಿಗೂ ಖುಷಿ. ಆ ಖುಷಿಯಲ್ಲಿ ನಾನು ಚೀಟಿಯಲ್ಲಿ ಬರೆದಿದ್ದು, "ಡೆಕ್ಸಾ 4 ಮಿ.ಗ್ರಾಂ ಬೆಳಗ್ಗೆ, ಮುಂದುವರಿಸಿ."

ಮುಂದುವರಿಸಿ. ಎಷ್ಟು ದಿನ? ಬರೆಯಲಿಲ್ಲ. ಮುಂದಿನ ವಾರ 2ಕ್ಕೆ ಇಳಿಸಬೇಕು ಅನ್ನುವುದು ನನ್ನ ತಲೆಯಲ್ಲಿತ್ತು, ಕಾಗದದ ಮೇಲೆ ಇರಲಿಲ್ಲ. ಆಮೇಲೆ ಒಂದು ತಿಂಗಳು ನಾನು ಬೇರೆ ಕಡೆ ಇದ್ದೆ. ನರ್ಸ್ ಹೋಗಿ ಬರುತ್ತಿದ್ದರು, ಮಾರ್ಫಿನ್ ಕೊಡುತ್ತಿದ್ದರು, ಮಲಬದ್ಧತೆ ನೋಡುತ್ತಿದ್ದರು, ಅಮ್ಮ ಚೆನ್ನಾಗಿದ್ದಾರೆ ಅಂತ ಬರೆಯುತ್ತಿದ್ದರು. ಡೆಕ್ಸಾ ಮನೆಯವರೇ ಅಂಗಡಿಯಿಂದ ತರುತ್ತಿದ್ದರು, ಹಾಗಾಗಿ ಅದು ನಮ್ಮ ಲೆಕ್ಕದಿಂದಲೇ ಜಾರಿಹೋಯಿತು.

ಒಂದು ತಿಂಗಳಾಗುವ ಹೊತ್ತಿಗೆ ಊಟ ಮತ್ತೆ ಕಡಿಮೆಯಾಯಿತು. ಇದು ಗೊತ್ತಿರಬೇಕಾದ ವಿಷಯ. ಸ್ಟೀರಾಯ್ಡ್ ಕೊಡುವ ಹಸಿವು ಕೆಲವು ವಾರದ್ದು, ಆಮೇಲೆ ಮಾಸುತ್ತದೆ. ಮಗನಿಗೆ ಅದನ್ನು ಯಾರೂ ಹೇಳಿರಲಿಲ್ಲ. ನಾನೇ ಹೇಳಿರಲಿಲ್ಲ. ಮೊದಲು ಎರಡು ಮಾತ್ರೆ ಕೊಟ್ಟಾಗ ಅಮ್ಮ ಚೆನ್ನಾಗಿ ಉಂಡಿದ್ದರಲ್ಲ, ಹಳೇ ಚೀಟಿ ಮನೆಯಲ್ಲೇ ಇದೆಯಲ್ಲ, ಅವನು ಮತ್ತೆ ಎರಡು ಮಾಡಿದ. ಅಮ್ಮ ಉಣ್ಣಲಿ ಅನ್ನುವ ಒಂದೇ ಆಸೆ. ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

ಹತ್ತನೇ ವಾರ

ಫೆಬ್ರವರಿ ಮಧ್ಯ. "ಅತ್ತೆಗೆ ಕಾಲು ಬಿದ್ದೋಗೈತೆ, ಬೇಗ ಬನ್ನಿ" ಅಂತ ಫೋನ್.

ಅವರನ್ನು ನೋಡಿ ಒಂದು ಕ್ಷಣ ಗುರುತೇ ಹತ್ತಲಿಲ್ಲ. ಮುಖ ಗುಂಡಗೆ ಊದಿತ್ತು, ಕೆನ್ನೆ ಹೊಳೆಯುತ್ತಿತ್ತು. ತೊಡೆ ಮಾತ್ರ ಕೈತೋಳಿನ ಗಾತ್ರಕ್ಕೆ ಇಳಿದಿತ್ತು. ಹಿಂದಿನ ದಿನ ಕಕ್ಕಸಿಗೆ ಹೋಗಿ ಕುಕ್ಕರಗಾಲಲ್ಲಿ ಕೂತವರು ಮೇಲೇಳಲು ಆಗದೆ, ನೀರಿನ ಡ್ರಮ್ಮನ್ನು ತಬ್ಬಿಕೊಂಡು ಅರ್ಧ ಗಂಟೆ ಕೂಗಿದ್ದಾರೆ. ಸೊಸೆ ತೋಟದಲ್ಲಿದ್ದರು, ಕೇಳಿಸಿಲ್ಲ. ಇದನ್ನು ಹೇಳುವಾಗ ಅಮ್ಮ ನನ್ನ ಮುಖ ನೋಡಲಿಲ್ಲ, ಸೀರೆ ಅಂಚು ಮಡಿಸುತ್ತಾ ಕೂತಿದ್ದರು.

ಮೂಳೆಗೆ ಹರಡಿರುವ ಕ್ಯಾನ್ಸರ್, ಈಗ ಕಾಲಿನ ಬಲ ಹೋಗಿದೆ ಅಂದರೆ ಮೊದಲು ತಲೆಗೆ ಬರಬೇಕಾದ್ದು ಬೆನ್ನುಹುರಿ. ಬೆನ್ನುಮೂಳೆಯ ಗಡ್ಡೆ ಹುರಿಯನ್ನು ಒತ್ತುತ್ತಿದ್ದರೆ ಗಂಟೆಗಳ ಲೆಕ್ಕ. ಡೆಕ್ಸಾ 16 ಮಿಲಿಗ್ರಾಂವರೆಗೆ ಏರಿಸಬೇಕು, ತಕ್ಷಣ ಎಂಆರ್‌ಐ ಆಗಬೇಕು, ರೇಡಿಯೇಷನ್‌ಗೆ ಓಡಬೇಕು. ತಡವಾದರೆ ಕಾಲು ಮತ್ತೆ ಬರುವುದಿಲ್ಲ. ಇನ್ನೊಂದು ಕಾರಣ, ಸ್ಟೀರಾಯ್ಡೇ ಸ್ನಾಯುವನ್ನು ತಿಂದುಹಾಕಿರುವುದು. ಹಾಗಿದ್ದರೆ ಡೆಕ್ಸಾ ಇಳಿಸಬೇಕು. ಅದೇ ಕಾಲು, ಅದೇ ನಿಶ್ಶಕ್ತಿ. ಒಂದು ಕಾರಣಕ್ಕೆ ಮಾತ್ರೆ ಏರಬೇಕು, ಇನ್ನೊಂದಕ್ಕೆ ಇಳಿಯಬೇಕು. ತಪ್ಪಾಗಿ ಊಹಿಸಿದರೆ ಎರಡು ಕಡೆಯೂ ಕೆಡುಕು. ಪ್ಯಾಲಿಯೇಟಿವ್ ಕೆಲಸದಲ್ಲಿ ಕೈ ನಡುಗುವ ಜಾಗ ಇದು.

ನಿಧಾನವಾಗಿ ಪರೀಕ್ಷೆ ಮಾಡಿದೆ. ಬೆನ್ನುಮೂಳೆಯನ್ನು ಮೇಲಿಂದ ಕೆಳಗೆ ಒಂದೊಂದಾಗಿ ತಟ್ಟಿದೆ, ಎಲ್ಲೂ ನೋವಿಲ್ಲ. ಕೆಮ್ಮಿಸಿದೆ, ಬೆನ್ನಲ್ಲಿ ಚುಳುಕು ಇಲ್ಲ. ಹತ್ತಿ ತಾಗಿಸಿದರೆ ಹೊಟ್ಟೆಯಿಂದ ಪಾದದವರೆಗೆ ಎಲ್ಲ ಕಡೆ ಒಂದೇ ಥರ ಗೊತ್ತಾಗುತ್ತದೆ. ಮೂತ್ರ ಕಟ್ಟಿಲ್ಲ, ಮಲದ ಹಿಡಿತ ತಪ್ಪಿಲ್ಲ. ಪಾದದ ಬೆರಳು ಜೋರಾಗಿಯೇ ಆಡಿಸುತ್ತಾರೆ, ಕೈ ಹಿಡಿದು ನಿಲ್ಲಿಸಿದರೆ ಸಮತಟ್ಟಿನಲ್ಲಿ ನಾಲ್ಕು ಹೆಜ್ಜೆ ನಡೆಯುತ್ತಾರೆ. ಆಗದಿರುವುದು ತಗ್ಗಿನಿಂದ ಏಳುವುದು, ಹೊಸಿಲು ಮೆಟ್ಟಿಲು ಹತ್ತುವುದು. ಆಮೇಲೆ ಕೇಳಿದೆ, "ತಲೆ ನೀವೇ ಬಾಚ್ಕೊತೀರಾ?" ಸೊಸೆ ಅಂದರು, "ಇಲ್ಲ, ಹದಿನೈದು ದಿನದಿಂದ ನಾನೇ ಬಾಚ್ತಿದೀನಿ. ಕೈ ಮೇಲೆ ಎತ್ತಕ್ಕೆ ಆಗಲ್ಲ ಅಂತಾರೆ."

ಅಲ್ಲಿಗೆ ಬಹುಪಾಲು ಗೊತ್ತಾಯಿತು. ಭುಜದ ಸ್ನಾಯು, ತೊಡೆಯ ಸ್ನಾಯು, ಎರಡೂ ಕಡೆ ಸಮನಾಗಿ, ನಿಧಾನವಾಗಿ ಸೋತಿವೆ. ಸ್ಟೀರಾಯ್ಡ್ ಹಿಡಿಯುವುದು ಮೈಗೆ ಹತ್ತಿರದ ದೊಡ್ಡ ಸ್ನಾಯುಗಳನ್ನೇ, ಅದರಲ್ಲೂ ಡೆಕ್ಸಾ ಈ ವಿಷಯದಲ್ಲಿ ಪ್ರೆಡ್ನಿಸೋಲೋನ್‌ಗಿಂತ ಕೆಟ್ಟದ್ದು. ಕುರ್ಚಿ, ಕಮೋಡ್ ಇರುವ ಮನೆಯಲ್ಲಿ ಇದು ತಡವಾಗಿ ಗೊತ್ತಾಗುತ್ತದೆ. ನೆಲದ ಮೇಲೆ ಕೂತು ಉಣ್ಣುವ, ಕುಕ್ಕರಗಾಲಲ್ಲಿ ಕೂರುವ ನಮ್ಮ ಮನೆಗಳಲ್ಲಿ ಬೇಗ ಗೊತ್ತಾಗಬೇಕಿತ್ತು, ಯಾರಾದರೂ ಕೇಳಿದ್ದರೆ. ಈಗ ನಮ್ಮ ನರ್ಸ್ ಪ್ರತಿ ಸಲವೂ ಕೇಳುವ ಪ್ರಶ್ನೆ ಒಂದೇ. ಕೂತಲ್ಲಿಂದ ಕೈ ಊರದೆ ಏಳ್ತೀರಾ?

ಆದರೂ ಹಳೇ ಸ್ಕ್ಯಾನನ್ನು ನಂಬಿ ಕೂರುವ ಹಾಗಿರಲಿಲ್ಲ. ಆ ರಾತ್ರಿ ಡೆಕ್ಸಾಗೆ ಕೈ ಹಚ್ಚಲಿಲ್ಲ, 8ರಲ್ಲೇ ಬಿಟ್ಟೆ. ಬೆಳಗ್ಗೆ ತುಮಕೂರಿಗೆ ಕಳಿಸಿ ಬೆನ್ನಿನ ಎಂಆರ್‌ಐ ಮಾಡಿಸಿದೆವು. ಬೆನ್ನುಹುರಿಗೆ ಏನೂ ಒತ್ತಡ ಇರಲಿಲ್ಲ.

ಇನ್ನೂ ಎರಡು ವಿಷಯ ಸಿಕ್ಕಿದವು. ಬಾಯಿ ತೆರೆಸಿದರೆ ನಾಲಿಗೆ, ಅಂಗುಳ ಎಲ್ಲ ಕಡೆ ಮೊಸರು ಮೆತ್ತಿದ ಹಾಗೆ ಬಿಳಿ. ನುಂಗುವಾಗ ಎದೆಯಲ್ಲಿ ಉರಿ. ಕ್ಯಾನ್ಸರ್ ಗಂಟಲಿಗೆ ಬಂತು ಅಂತ ಮನೆಯವರು ಅತ್ತು ಮುಗಿಸಿದ್ದರು. ಅದು ಬರೀ ಫಂಗಸ್. ಫ್ಲುಕೊನಜೋಲ್ ಶುರು ಮಾಡಿದ ನಾಲ್ಕನೇ ದಿನಕ್ಕೆ ಗಂಜಿ ಸಲೀಸಾಗಿ ಇಳಿಯಿತು. ಊಟ ಸೇರಲಿ ಅಂತ ಏರಿಸಿದ ಮಾತ್ರೆಯೇ ಊಟ ನುಂಗದ ಹಾಗೆ ಮಾಡಿತ್ತು.

ಎರಡನೆಯದು ಶುಗರ್. ರಾತ್ರಿ ಆರು ಸಲ ಮೂತ್ರಕ್ಕೆ ಏಳುವುದು, ಬಾಯಾರಿಕೆ. ಮನೆಯವರು ಲ್ಯಾಬಿನಲ್ಲಿ ಮಾಡಿಸಿಯೂ ಇದ್ದರು, ಖಾಲಿ ಹೊಟ್ಟೆಯಲ್ಲಿ 118, "ಶುಗರ್ ಇಲ್ಲ" ಅಂದಿದ್ದರು. ನಾನು ಸಂಜೆ ನಾಲ್ಕಕ್ಕೆ ಚುಚ್ಚಿ ನೋಡಿದರೆ 412. ಬೆಳಗ್ಗೆ ಡೆಕ್ಸಾ ತೆಗೆದುಕೊಳ್ಳುವವರ ಶುಗರ್ ಮಧ್ಯಾಹ್ನದಿಂದ ಸಂಜೆಗೆ ಏರಿ, ರಾತ್ರಿ ಕಳೆಯುವಷ್ಟರಲ್ಲಿ ಇಳಿದಿರುತ್ತದೆ. ಬೆಳಗಿನ ಖಾಲಿ ಹೊಟ್ಟೆ ಟೆಸ್ಟು ಇವರ ವಿಷಯದಲ್ಲಿ ಸುಳ್ಳು ಸಮಾಧಾನ ಕೊಡುತ್ತದೆ. ನೋಡಬೇಕಾದ್ದು ಮಧ್ಯಾಹ್ನದ ಊಟ ಆದಮೇಲೆ ಅಥವಾ ಸಂಜೆ ಊಟಕ್ಕೆ ಮುಂಚೆ. ಬೆಳಗ್ಗೆ ಒಂದೇ ಸಲ, ಹಾಲಿನ ಹಾಗೆ ಬಿಳಿ ಇರುತ್ತಲ್ಲ, ಆ ಎನ್‌ಪಿಎಚ್ ಇನ್ಸುಲಿನ್ 6 ಯೂನಿಟ್ ಶುರು ಮಾಡಿ, ಡೆಕ್ಸಾ 6ಕ್ಕೆ, ವಾರದ ನಂತರ 4ಕ್ಕೆ ಅಂತ ಇಳಿಸಲು ಹೇಳಿದೆ. ಈ ಸಲ ತಾರೀಖು ಹಾಕಿಯೇ ಬರೆದೆ.

ಕಸದ ಬುಟ್ಟಿಗೆ ಹೋದ ಸ್ಟ್ರಿಪ್ಪು

ಆದರೆ ಅಷ್ಟರಲ್ಲಿ ಮಗನಿಗೆ ಪರಿಚಯದವರೊಬ್ಬರು ಹೇಳಿದ್ದರು, "ಅದು ಸ್ಟೀರಾಯ್ಡ್ ಕಣೋ, ಅಮ್ಮನ್ನ ಸಾಯಿಸ್ತಾರೆ." ಅವನಿಗೆ 2021 ನೆನಪಾಗಿದೆ. ಕೊರೋನಾ ಎರಡನೇ ಅಲೆಯಲ್ಲಿ ಆಕ್ಸಿಜನ್ ಬೇಕಾದವರನ್ನು ಉಳಿಸಿದ್ದೂ ಇದೇ ಡೆಕ್ಸಾ, ದಿನಕ್ಕೆ 6 ಮಿಲಿಗ್ರಾಂ, ಹೆಚ್ಚೆಂದರೆ ಹತ್ತು ದಿನ. ಬೇಕಿಲ್ಲದವರಿಗೂ, ಬೇಕಾದ್ದಕ್ಕಿಂತ ಜಾಸ್ತಿಯೂ ಕೊಟ್ಟು, ಶುಗರ್ ನೋಡದೆ ಬಿಟ್ಟಲ್ಲೆಲ್ಲ ಬ್ಲ್ಯಾಕ್ ಫಂಗಸ್ ಬಂದು ಎಷ್ಟೋ ಜನ ಕಣ್ಣು ಕಳೆದುಕೊಂಡರು. ಜನರ ಮನಸ್ಸಲ್ಲಿ ಉಳಿದಿದ್ದು ಎರಡನೆಯದು. ಅಮ್ಮನ ಬಾಯಲ್ಲಿ ಫಂಗಸ್, ಮುಖ ಊದಿದೆ, ಶುಗರ್ ನಾಲ್ಕುನೂರು. ಹೆದರದೆ ಇರುತ್ತಾನಾ? ಭಾನುವಾರ ಊರಿಗೆ ಬಂದವನು ಉಳಿದ ಸ್ಟ್ರಿಪ್ಪೆಲ್ಲ ಬಿಸಾಡಿದ. ಸೊಸೆಗೆ "ಇನ್ಸುಲಿನ್ ಮಾತ್ರ ತಪ್ಪಿಸ್ಬೇಡ" ಅಂತ ಹೇಳಿ ರೈಲು ಹತ್ತಿದ.

ಬುಧವಾರ ಬೆಳಗ್ಗೆ ವಾಂತಿ ಶುರು. ಮಧ್ಯಾಹ್ನ ಎಬ್ಬಿಸಿದರೆ ಕಣ್ಣು ಬಿಡುತ್ತಿಲ್ಲ, ಮೈ ತಣ್ಣಗೆ, ಬೆವರು. ನಾವು ಹೋದಾಗ ಬಿಪಿ 80ಕ್ಕೆ 50, ಶುಗರ್ 52. ಸಮಯ ಬಂತು ಅಂತ ನೆಂಟರಿಗೆಲ್ಲ ಹೇಳಿ ಕಳಿಸಿದ್ದರು, ಅಂಗಳದಲ್ಲಿ ಜನ ಸೇರಿದ್ದರು.

ಸಮಯ ಬಂದಿರಲಿಲ್ಲ. ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ದಿನಾ ನಮಗೆ ಬೇಕಾದ ಕಾರ್ಟಿಸೋಲ್ ಮಾಡುತ್ತದೆ. ಹೊರಗಿನಿಂದ ಮೂರು ವಾರಕ್ಕಿಂತ ಜಾಸ್ತಿ ಸ್ಟೀರಾಯ್ಡ್ ಬರುತ್ತಿದ್ದರೆ ಅದು ಕೆಲಸ ನಿಲ್ಲಿಸಿ ಮಲಗಿಬಿಡುತ್ತದೆ. ಇದ್ದಕ್ಕಿದ್ದಂತೆ ಮಾತ್ರೆ ನಿಂತರೆ ತಕ್ಷಣ ಏಳಲು ಅದಕ್ಕೆ ಬರುವುದಿಲ್ಲ. ಬಿಪಿ ಬೀಳುತ್ತದೆ, ಶುಗರ್ ಬೀಳುತ್ತದೆ, ವಾಂತಿ, ಮಂಪರು. ಡೆಕ್ಸಾ ನಿಧಾನಕ್ಕೆ ಇಳಿಯುವ ಔಷಧಿ ಆದ್ದರಿಂದ ಎರಡು ಮೂರು ದಿನ ತಡೆದು ಬಂತು. ಮೇಲೆ ಇನ್ಸುಲಿನ್ ಬೇರೆ. ಯಾವ ಮಾತ್ರೆಯ ಶುಗರ್ ಇಳಿಸಲು ಅದನ್ನು ಕೊಟ್ಟಿದ್ದೆನೋ ಆ ಮಾತ್ರೆಯೇ ಇರಲಿಲ್ಲ.

ಗ್ಲೂಕೋಸ್, ಕಾರ್ಟಿಸೋಲ್ ಜಾಗ ತುಂಬಲು ಹೈಡ್ರೋಕಾರ್ಟಿಸೋನ್ 100 ಮಿಲಿಗ್ರಾಂ ನರಕ್ಕೆ, ಒಂದು ಬಾಟಲಿ ಸಲೈನ್. ಅಲ್ಲೇ ಕೋಣೆಯಲ್ಲಿ, ಕಿಟಕಿ ಸರಳಿಗೆ ಬಾಟಲಿ ಕಟ್ಟಿ. ಇನ್ಫೆಕ್ಷನ್ ಇದೆಯಾ ಅಂತಲೂ ಹುಡುಕಿದೆ, ಸ್ಟೀರಾಯ್ಡ್ ಇರುವವರಿಗೆ ಜ್ವರವೇ ಕಾಣದೆ ಇರಬಹುದು. ಏನೂ ಸಿಗಲಿಲ್ಲ. ಶುಗರ್ ಏರಿದ ಕೂಡಲೇ ಕಣ್ಣು ಬಿಟ್ಟರು. ಬಿಪಿ ಸಂಜೆಗೆ ಸರಿಯಾಯಿತು. ಏಳು ಗಂಟೆಗೆ ಅಂಗಳದ ಕಡೆ ನೋಡಿ, "ಇಷ್ಟು ಜನಕ್ಕೆ ಕಾಫಿ ಕೊಟ್ಯೇನೇ?" ಅಂತ ಸೊಸೆಯನ್ನು ಕೇಳಿದರು.

ಮಗ ರಾತ್ರಿ ಬಂದ. ಅವನ ಮೇಲೆ ನನಗೆ ಸಿಟ್ಟಿರಲಿಲ್ಲ. ಅವನ ಮುಂದೆ ಕೂತು, ಶುರು ಮಾಡಿದ ದಿನವೇ ಹೇಳಬೇಕಿದ್ದ ಎಲ್ಲವನ್ನೂ ಹೇಳಿದೆ. ಈ ಮಾತ್ರೆ ಯಾಕೆ, ಎಷ್ಟು ದಿನ, ಹಸಿವು ಯಾಕೆ ಮಾಸುತ್ತದೆ, ಯಾಕೆ ಒಂದೇ ದಿನ ನಿಲ್ಲಿಸಬಾರದು. ಗೋಡೆಯ ಮೇಲೆ ದಿನಕ್ಕೊಂದು ಹಾಳೆ ಹರಿಯುವ ಕ್ಯಾಲೆಂಡರ್ ಇತ್ತು. ಮೊಮ್ಮಗಳ ಸ್ಕೆಚ್ ಪೆನ್ ತೆಗೆದುಕೊಂಡು ಐದು ವಾರದ ಹಾಳೆಗಳ ಮೇಲೆ ಆವತ್ತಿನ ಡೆಕ್ಸಾ ಎಷ್ಟು ಅಂತ ಬರೆದೆವು. 4, ಮುಂದಿನ ವಾರ 3, ಆಮೇಲೆ 2, ಒಂದೂವರೆ, 1. ಸಣ್ಣಸಣ್ಣ ಹೆಜ್ಜೆಯಲ್ಲಿ ಇಳಿಸಲು ಮೊದಲು ತೊಂದರೆ ಕೊಟ್ಟ ಆ 0.5ರ ಮಾತ್ರೆಯೇ ಈಗ ಅನುಕೂಲವಾಯಿತು. ಹಾಳೆ ಹರಿದು ಅಜ್ಜಿಗೆ ಮಾತ್ರೆ ಎಣಿಸಿಕೊಡುವ ಕೆಲಸ ಮೊಮ್ಮಗಳದ್ದು, ಪಕ್ಕದಲ್ಲಿ ನಿಂತು ನೋಡುವ ಕೆಲಸ ಸೊಸೆಯದ್ದು. ಇನ್ಸುಲಿನ್ ನಿಲ್ಲಿಸಿದೆವು. ಸಂಜೆ ಶುಗರ್ 180ರಿಂದ 220 ಇರುತ್ತಿತ್ತು, ಬಾಯಾರಿಕೆ ಇಲ್ಲ ಅಂದಮೇಲೆ ಈ ಹಂತದಲ್ಲಿ ಅಷ್ಟು ಸಾಕು.

3ಕ್ಕೆ ಇಳಿದಾಗ ಪಕ್ಕೆ ನೋವು ಸ್ವಲ್ಪ ಮರುಕಳಿಸಿತು. ಮತ್ತೆ ಡೆಕ್ಸಾ ಏರಿಸುವ ಆಸೆ ನನಗೂ ಆಯಿತು. ಅದರ ಬದಲು ಮಾರ್ಫಿನ್ ಹೆಚ್ಚಿಸಿದೆ. ನೋವು ಮೂರು ನಾಲ್ಕರಲ್ಲಿ ನಿಂತಿತು. ಐದು ವಾರದ ಹೊತ್ತಿಗೆ ಒಂದು ಕೈ ಹಿಡಿದುಕೊಂಡರೆ ಮಂಚದಿಂದ ಏಳುತ್ತಿದ್ದರು. ಮುಖದ ಊತ ಇಳಿದಿತ್ತು. ಕಕ್ಕಸಿಗೆ ಕಮೋಡ್ ಕುರ್ಚಿ ಕೊಟ್ಟಿದ್ದೆವು. ಯುಗಾದಿಗೆ ಒಂದು ಹೋಳಿಗೆಯ ಕಾಲು ಭಾಗ ತಿಂದರು, ಹಾಲು ತುಪ್ಪದಲ್ಲಿ ನೆನೆಸಿ.

ಯುಗಾದಿ ಕಳೆದ 19ನೇ ದಿನ ತೀರಿಕೊಂಡರು. ಕೊನೆಯ ನಾಲ್ಕು ದಿನ ನುಂಗಲು ಆಗುತ್ತಿರಲಿಲ್ಲ. ಆಗ ಎಲ್ಲ ಮಾತ್ರೆ ನಿಲ್ಲಿಸಿದೆವು, ಶುಗರ್ ಚುಚ್ಚುವುದನ್ನೂ ನಿಲ್ಲಿಸಿದೆವು. ಮಾರ್ಫಿನ್ ಮತ್ತು ದಿನಕ್ಕೊಮ್ಮೆ ಅರ್ಧ ಎಂಎಲ್ ಡೆಕ್ಸಾ, ಅಂದರೆ 2 ಮಿಲಿಗ್ರಾಂ, ಚರ್ಮದ ಕೆಳಗೆ ಸಣ್ಣ ಸೂಜಿಯಲ್ಲಿ ಕೊಟ್ಟೆವು. ಎಷ್ಟೋ ಜನರಿಗೆ ಕೊನೆಯ ದಿನಗಳಲ್ಲಿ ಡೆಕ್ಸಾ ಬೇಕೇ ಆಗುವುದಿಲ್ಲ, ನಿಲ್ಲಿಸಬಹುದು. ಇವರ ಮೈ ಅದಕ್ಕೆ ಒಗ್ಗಿಹೋಗಿತ್ತು, ಒಮ್ಮೆ ನಿಂತಾಗ ಏನಾಯಿತು ಅಂತ ನೋಡಿದ್ದೆವು, ಪಕ್ಕೆ ನೋವೂ ಕಾಯುತ್ತಿತ್ತು. ಸೂಜಿಯಿಂದ ಅವರಿಗೆ ಹಿಂಸೆ ಇರಲಿಲ್ಲ.

ನಾನು ಈಗ ಹೇಗೆ ಕೊಡುತ್ತೇನೆ

ಸ್ಟೀರಾಯ್ಡ್ ಬಿಟ್ಟು ಈ ಕೆಲಸ ಮಾಡಲು ನನಗೆ ಬರುವುದಿಲ್ಲ. ಆ ಅವರೇಕಾಳಿನ ಎರಡು ವಾರ ಕೊಟ್ಟಿದ್ದು ಅದೇ. ಆದರೆ ಯಾವುದಕ್ಕೆ ಕೊಡುತ್ತಿದ್ದೇನೆ ಅನ್ನುವುದು ಸ್ಪಷ್ಟ ಇರಬೇಕು. ಸುಸ್ತು, ಹಸಿವು ಇವಕ್ಕೆ ಕೆಲವು ದಿನ ಒಳ್ಳೆಯದಾಗುತ್ತದೆ ಅನ್ನುವುದಕ್ಕೆ ಅಧ್ಯಯನ ಇವೆ. 2013ರಲ್ಲಿ ಅಮೆರಿಕದ್ದು, ಡೆಕ್ಸಾ 4 ಮಿಲಿಗ್ರಾಂ ದಿನಕ್ಕೆರಡು ಸಲ, 14 ದಿನ, ಸುಸ್ತು ಕಡಿಮೆಯಾಯಿತು. 2014ರಲ್ಲಿ ನಾರ್ವೆಯಲ್ಲಿ ಮಾರ್ಫಿನ್ ಥರದ ಔಷಧಿ ತೆಗೆದುಕೊಳ್ಳುತ್ತಿದ್ದವರಿಗೆ ಮೀಥೈಲ್‌ಪ್ರೆಡ್ನಿಸೋಲೋನ್ ಅನ್ನುವ ಸ್ಟೀರಾಯ್ಡ್ ಒಂದು ವಾರ ಕೊಟ್ಟು ನೋಡಿದರೆ ನೋವಿನಲ್ಲಿ ವ್ಯತ್ಯಾಸವೇ ಬರಲಿಲ್ಲ, ಸುಸ್ತು ಹಸಿವು ಸುಧಾರಿಸಿತು. ಅಂದರೆ ಕ್ಯಾನ್ಸರ್ ನೋವು ಅಂದ ಕೂಡಲೇ ಡೆಕ್ಸಾ ಬರೆಯುವ ಅಭ್ಯಾಸ ಬಿಡಬೇಕು. ಊತದಿಂದ, ಒತ್ತಡದಿಂದ ಬರುವ ನೋವಿಗೆ ಪ್ರಯತ್ನಿಸಬಹುದು, ಈ ಅಮ್ಮನ ಲಿವರ್ ನೋವಿಗೆ ಮಾಡಿದ ಹಾಗೆ, ಅದೂ ದೊಡ್ಡ ಅಧ್ಯಯನಕ್ಕಿಂತ ಕೈ ಅನುಭವದ ಮೇಲೆ ನಡೆಯುವ ಮಾತು. ಉಸಿರಾಟದ ಕಷ್ಟಕ್ಕೆ ಎಲ್ಲರಿಗೂ ಕೊಡುವುದೂ ಸರಿಯಿಲ್ಲ. 2022ರಲ್ಲಿ ಹೊರಬಂದ ಅಧ್ಯಯನದಲ್ಲಿ ಒಳಗೆ ಔಷಧಿಯೇ ಇಲ್ಲದ ಸುಳ್ಳು ಮಾತ್ರೆಗಿಂತ ಹೆಚ್ಚು ಉಪಯೋಗ ಕಾಣಲಿಲ್ಲ, ತೊಂದರೆ ಮಾತ್ರ ಜಾಸ್ತಿ ಕಂಡಿತು.

ಐದರಿಂದ ಏಳು ದಿನದಲ್ಲಿ ಉಪಯೋಗ ಕಾಣದಿದ್ದರೆ ನಿಲ್ಲಿಸುತ್ತೇನೆ. ಮೂರು ವಾರದ ಒಳಗೆ, ಕಡಿಮೆ ಡೋಸ್‌ನಲ್ಲಿ ಇರುವಾಗ ನಿಲ್ಲಿಸುವುದು ಎಷ್ಟೋ ಸುಲಭ. ಉಪಯೋಗ ಕಂಡರೆ ವಾರಕ್ಕೊಮ್ಮೆ ಇಳಿಸುತ್ತಾ, ನೋವು ಬಾರದ ಹಾಗೆ ಎಷ್ಟು ಕಮ್ಮಿಯಲ್ಲಿ ಸಾಗುತ್ತದೋ ಅಲ್ಲಿ ನಿಲ್ಲುತ್ತೇನೆ. ಮೂರು ವಾರ ದಾಟಿದವರ ಮನೆಯಲ್ಲಿ ಒಂದು ದಪ್ಪ ಕಾಗದ ಇರುತ್ತದೆ, "ಇದನ್ನು ಒಮ್ಮೆಗೇ ನಿಲ್ಲಿಸಬೇಡಿ, ವಾಂತಿಯಾಗಿ ಮಾತ್ರೆ ನಿಲ್ಲದಿದ್ದರೆ ಫೋನ್ ಮಾಡಿ" ಅಂತ ಬರೆದು ನಮ್ಮ ನಂಬರ್ ಹಾಕಿದ್ದು. ಅದನ್ನು ಅಕ್ಕಿ ಡಬ್ಬಿಯ ಮುಚ್ಚಳಕ್ಕೋ, ದೇವರ ಗೂಡಿನ ಪಕ್ಕಕ್ಕೋ ಅಂಟಿಸುತ್ತೇವೆ, ದಿನಾ ಕಣ್ಣಿಗೆ ಬೀಳುವ ಕಡೆ. ಡೆಕ್ಸಾ ಈಗ ನಾವೇ ಎಣಿಸಿ ಕೊಡುತ್ತೇವೆ, ಮುಂದಿನ ಭೇಟಿಯವರೆಗೆ ಎಷ್ಟು ಬೇಕೋ ಅಷ್ಟೇ.

ಹದಿಮೂರನೇ ದಿನದ ತಿಥಿ ಮುಗಿದ ಮೇಲೆ ಸೊಸೆ ಉಳಿದ ಮಾರ್ಫಿನ್ ವಾಪಸ್ ಕೊಡಲು ಬಂದಿದ್ದರು. ಜೊತೆಗೆ 0.5ರ ಒಂದು ಸ್ಟ್ರಿಪ್ಪು, ಅದರಲ್ಲಿ ಆರು ಮಾತ್ರೆ. ಮಾರ್ಫಿನ್ ಎಣಿಸಿ ರಿಜಿಸ್ಟರಿನಲ್ಲಿ ಬರೆದುಕೊಂಡೆವು. ಅವರು ಸ್ಟ್ರಿಪ್ಪು ತಿರುಗಿಸಿ, ನಂಬರ್ ಇರುವ ಕಡೆ ಬೆರಳಿಟ್ಟು ನಮ್ಮ ಹೊಸ ನರ್ಸ್‌ಗೆ ತೋರಿಸಿದರು. "ಇದು ಪಾಯಿಂಟ್ ಐದು ಸಿಸ್ಟರ್. ನಾಲ್ಕರದ್ದು ಬೇರೆ ಬರುತ್ತೆ. ಕೊಡೋವಾಗ ನೋಡಿ ಕೊಡಿ."